ಅಕ್ಕನ ಊರಿನಿಂದ ಒಂದು ಟಿಕೆಟ್

ಮನುಷ್ಯಕುಲವನ್ನು ಕಾಡುತ್ತ ಬಂದಿರುವ ಮಹಾಪ್ರಶ್ನೆಗಳಲ್ಲಿ ಒಂದು, ಕೋಟಿನ ಎಡ ಹೆಗಲು ಇಳಿದು ಕಂಡರೆ ತಪ್ಪು ಕೋಟಿನದೋ ಹೆಗಲಿನದೋ ಎಂಬುದು. ಈ ಪ್ರಶ್ನೆಯಿಂದ ಯಾವ ರಾಜ್ಯವೂ ಉರುಳಿದ ದಾಖಲೆಯಿಲ್ಲ, ನಿಜ. ಆದರೆ ಒಂದು ಸಂಸಾರವಂತೂ ಎರಡು ಹೋಳಾಗಿತ್ತು. ಒಂದು ಹೋಳಿನಲ್ಲಿ ಟೈಲರ್ ಇದ್ದ, ಇನ್ನೊಂದರಲ್ಲಿ ಅವನ ಅಕ್ಕನ ಗಂಡ. ನಡುವೆ ಅಕ್ಕ, ಎರಡೂ ಕಡೆಯಿಂದ ಎಳೆಸಿಕೊಂಡ ಹೊಲಿಗೆಯ ಹಾಗೆ, ಇನ್ನೇನು ಬಿಚ್ಚಿಕೊಳ್ಳುವಂತಿದ್ದಳು.

ನಡೆದದ್ದು ಇಷ್ಟೇ. ಬಹಳ ಹಿಂದೆ ಟೈಲರ್ ತನ್ನ ಭಾವನಿಗೊಂದು ಕೋಟು ಹೊಲಿದುಕೊಟ್ಟಿದ್ದ. ಭಾವ ಕನ್ನಡಿಯ ಮುಂದೆ ನಿಂತು, "ಎಡ ಹೆಗಲು ಇಳಿದಿದೆಯಲ್ಲೋ" ಎಂದರು. ಟೈಲರ್ ಟೇಪು ಹಿಡಿದು ನೋಡಿ, "ಕೋಟು ಸರಿಯಾಗೇ ಇದೆ ಭಾವ, ಇಳಿದಿರೋದು ನೀವು" ಎಂದ. "ಹಾಗಾದ್ರೆ ನನ್ನೇ ಬಿಚ್ಚಿ ಹೊಲಿ" ಎಂದು ಭಾವ ಕೋಟನ್ನು ಕಟಿಂಗ್ ಟೇಬಲ್ ಮೇಲೆ ಎಸೆದು ಹೋದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಟೈಲರ್ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು; ಭಾವನವರಾದರೆ ಮೊಲವನ್ನೇ ಒಪ್ಪದವರು.

ಈಗ ಅಕ್ಕನ ಮಗಳ ಮದುವೆ ಬಂತು. ಬೇರೆ ಟೈಲರುಗಳ ಕೋಟು ಹಾಕಿ ನೋಡಿ, ಅವೆಲ್ಲದರ ಎಡ ಹೆಗಲೂ ಇಳಿದದ್ದನ್ನು ಕಂಡು ಭಾವನವರಿಗೆ ಬೇಸರ ಬಂದಿತ್ತು. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ಬಾಗಿದರು. ಅಳತೆ ಕೊಡಲು ಮಾತ್ರ ಭಾವಮೈದುನನ ಮುಂದೆ ನಿಲ್ಲಲಿಲ್ಲ. ಅಕ್ಕನೇ ದಾರದಲ್ಲಿ ಗಂಟು ಹಾಕಿ ಎದೆ, ತೋಳು, ಬೆನ್ನು ಎಲ್ಲವನ್ನೂ ಲಕೋಟೆಯಲ್ಲಿಟ್ಟು ಕಳಿಸಿದಳು. ಜೊತೆಗೆ ಫೋನಿನಲ್ಲಿ ಒಂದು ಷರತ್ತೂ ಬಂತು.

"ಕೋಟು ತಗೊಂಡು ಮದುವೆ ದಿನ ಬೆಳಿಗ್ಗೆ ಬಾ. ನಿನ್ನ ಭಾವ ಸ್ಟೇಷನ್ನಿಗೇ ಬರ್ತಾರೆ. ಅವರ ಮುಂದೆ ನಿಂತು 'ತಪ್ಪು ನಂದು' ಅಂತ ಒಂದು ಮಾತು ಹೇಳು. ಹೇಳಿದ್ರೆ ನೇರ ಮದುವೆಮನೆಗೆ. ಇಲ್ಲದಿದ್ರೆ ಕೋಟು ಅವರ ಕೈಗಿಟ್ಟು ಬಂದ ರೈಲಲ್ಲೇ ವಾಪಸ್ ಹೋಗು. ಇದು ನಾನು ಹೇಳ್ತಿರೋದಲ್ಲ, ಅವರು ಹೇಳ್ತಿರೋದು. ಆದ್ರೆ ನೀನು ಬರದೇ ಹೋದ್ರೆ ಅಳೋಳು ನಾನು."

"ಅಕ್ಕಾ, ತಪ್ಪು ನನ್ನದಲ್ಲದಿದ್ರೆ?"

"ಕೆಟ್ಟವನೇ, ನಾನು ಕೇಳಿದ್ದು ಅದಾ?" ಎಂದು ಅಕ್ಕ ಫೋನಿಟ್ಟಳು.

ತಾನೇ ಎತ್ತಿ ಆಡಿಸಿದ ಸೋದರಸೊಸೆಯ ಮದುವೆಯನ್ನು ಟೈಲರ್ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಆದರೆ ಆ ಎರಡು ಪದಗಳು ಅವನ ಬಾಯಿಂದ ಈವರೆಗೆ ಹೊರಟಿರಲಿಲ್ಲ. ಗಿರಾಕಿಯ ಪ್ಯಾಂಟು ಗಿಡ್ಡವಾದಾಗ ಗಿರಾಕಿ ಬೆಳೆದಿರುತ್ತಿದ್ದ; ಬಿಗಿಯಾದಾಗ ಗಿರಾಕಿ ಚೆನ್ನಾಗಿ ಉಂಡಿರುತ್ತಿದ್ದ. ಏನಾದರೂ ಮಾಡಿದರಾಯಿತು, ಕೋಟು ನೋಡಿದ ಮೇಲೆ ಭಾವ ಕರಗಿಯಾರು ಎಂದುಕೊಂಡು, ಕೋಟಿನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅವನು ಹೊರಟ.

ಇನ್ನು ಟಿಕೆಟಿನ ವಿಷಯ. ಅವನ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಪ್ರತಿ ಗಂಟಿಗೂ ಒಂದು ಚೀಟಿ. ಚೀಟಿಯಲ್ಲಿ ಮೇಲೆ ಗಿರಾಕಿಯ ಊರು, ಕೆಳಗೆ ಅಂಗಡಿಯ ಊರು. ಬಟ್ಟೆ ಬರುವುದು ಗಿರಾಕಿಯಿಂದ ಅಂಗಡಿಗೆ ತಾನೇ? ಟಿಕೆಟ್ ಕಿಟಕಿಯ ಸಾಲಿನಲ್ಲಿ ನಿಂತೇ ಅವನು ಕೋಟಿನ ಕೊನೆಯ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದ. ತುಟಿಗಳ ನಡುವೆ ಗುಂಡುಸೂಜಿಗಳು.

"ಎಲ್ಲಿಂದ ಎಲ್ಲಿಗೆ?" ಎಂದ ಕಿಟಕಿಯವ.

ಬಾಯಿ ತೆರೆದರೆ ಸೂಜಿ ಬೀಳುತ್ತದೆ. ಟೈಲರ್ ಗಂಟಿನ ಚೀಟಿಯನ್ನು ಬೆರಳಿಂದ ತೋರಿಸಿದ. ಕಿಟಕಿಯವ ಅಕ್ಷರ ಬಲ್ಲವನು, ಮೇಲಿನಿಂದ ಕೆಳಕ್ಕೆ ಓದಿದ. "ಅಲ್ಲಿಂದ ಇಲ್ಲಿಗೆ. ಇವತ್ತಿಗೇ ಅಲ್ವಾ?" ಎಂದು ಕೇಳಿದ. ಟೈಲರ್ "ಹೂಂ" ಎಂದ.

ರೈಲು ಊರು ಬಿಟ್ಟು, ಇಟ್ಟಿಗೆಗೂಡುಗಳನ್ನು ದಾಟಿದ ಮೇಲೆ ಟಿ.ಸಿ. ಬಂದರು. ಇಸ್ತ್ರಿಯ ಗೆರೆ ಕೆಡಬಾರದೆಂದು ಬಹುಶಃ ಎಂದೂ ಕೂರದ ಮನುಷ್ಯ. ಟಿಕೆಟನ್ನು ಓದಿದರು. ತಿರುಗಿಸಿದರು. ಮತ್ತೆ ಓದಿದರು.

"ಯಜಮಾನ್ರೇ, ಇದು ಬರೋ ಟಿಕೆಟ್. ನೀವು ಹೋಗ್ತಿದ್ದೀರಿ."

ಟೈಲರ್ ಟಿಕೆಟನ್ನು ಇಸಿದುಕೊಂಡು ನೋಡಿದ. ಮೇಲೆ ಅಕ್ಕನ ಊರು, ಕೆಳಗೆ ತನ್ನ ಊರು. ಆದರೆ ಮುಖ ಕದಲಲಿಲ್ಲ. ಗಿರಾಕಿಯ ಮುಂದೆ ಕದಲದೆ ಪಳಗಿದ ಮುಖ.

"ದೂರ ಎರಡು ಕಡೆಯಿಂದಲೂ ಒಂದೇ ತಾನೇ ಸ್ವಾಮಿ?"

"ದೂರ ಒಂದೇ."

"ಹಳಿ?"

"ಹಳಿಯೂ ಒಂದೇ."

"ತಾರೀಖು?"

"ಇವತ್ತಿಂದೇ. ದಿಕ್ಕು ಬೇರೆ."

"ನೋಡಿ, ಟಿಕೆಟ್ ಸರಿಯಾಗೇ ಇದೆ. ರೈಲು ಉಲ್ಟಾ ಹೋಗ್ತಿದೆ" ಎಂದ ಟೈಲರ್.

ಎದುರು ಸೀಟಿನಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು. ಅಜ್ಜಿ ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. "ಎತ್ತು ಏರಿಗೆ, ಕೋಣ ನೀರಿಗೆ" ಎಂದು ಬೆಕ್ಕಿಗೆ ಹೇಳಿದಳು. "ನಮ್ಮ ಬೆಕ್ಕಿನ ಟಿಕೆಟ್ ಸರಿಯಾದ ಕಡೆಗೇ ಇದೆ ಸಾರ್, ಬೇಕಾದ್ರೆ ನೋಡಿ."

"ಬೆಕ್ಕಿಂದು ನೋಡಾಯ್ತು ಅಜ್ಜಿ."

ಟೈಲರನ ದನಿ ಸ್ವಲ್ಪ ಇಳಿಯಿತು. "ಆಯ್ತು ಸ್ವಾಮಿ, ದಂಡ ಹಾಕಿ. ಕಟ್ತೀನಿ."

"ದಂಡ ಟಿಕೆಟ್ ಇಲ್ಲದವರಿಗೆ. ನಿಮ್ಮ ಹತ್ರ ಇದೆ."

"ಹಾಗಾದ್ರೆ ಬಿಡಿ, ಟಿಕೆಟ್ ಇದೆಯಲ್ಲ."

"ಇದೆ, ಆದ್ರೆ ಇಲ್ಲ."

"ಹರಿದು ಹಾಕಿದ್ರೆ?"

"ಚಾಲ್ತಿ ಟಿಕೆಟ್ ಹರಿಯೋದು ಅಪರಾಧ." ಟಿ.ಸಿ. ಮುಖದಲ್ಲಿ ದ್ವೇಷವೇನೂ ಇರಲಿಲ್ಲ. ಅವರಿಗೂ ಇಂಥದೊಂದು ಈವರೆಗೆ ಸಿಕ್ಕಿರಲಿಲ್ಲವೆಂದು ತೋರುತ್ತದೆ. ಹೊಸ ಜಾತಿಯ ಹುಳುವನ್ನು ನೋಡುವವರ ಹಾಗೆ ಟಿಕೆಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಟೈಲರ್‌ಗೆ ಒಂದು ಉಪಾಯ ಹೊಳೆಯಿತು. "ಸ್ವಾಮಿ, ನಾನು ಎಂಜಿನ್ನಿಗೆ ಬೆನ್ನು ಹಾಕಿ ಕೂತಿದ್ದೀನಿ. ನನ್ನ ಮುಖ ಇರೋದು ನಮ್ಮೂರ ಕಡೆಗೇ. ಟಿಕೆಟ್‌ನಲ್ಲಿ ಹೇಗಿದೆಯೋ ಹಾಗೇ ಕೂತಿದ್ದೀನಿ."

ಇದನ್ನು ಟಿ.ಸಿ. ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಿಟಕಿಯಿಂದ ತಲೆ ಹಾಕಿ ಎಂಜಿನ್ ಎಲ್ಲಿದೆಯೆಂದು ಖಚಿತಪಡಿಸಿಕೊಂಡರು. ಬಂದು ಟೈಲರನ ಮುಖ ನೋಡಿದರು, ಬೆನ್ನು ನೋಡಿದರು. "ಮುಖ ಸರಿ ಇದೆ" ಎಂದು ಒಪ್ಪಿಕೊಂಡರು. "ಆದ್ರೆ ಇಲಾಖೆ ಲೆಕ್ಕಕ್ಕೆ ತಗೊಳ್ಳೋದು ದೇಹ."

"ಬೆಕ್ಕೂ ಹಿಂದಕ್ಕೇ ನೋಡ್ತಿದೆ" ಎಂದಳು ಅಜ್ಜಿ, ಸುಮ್ಮನೆ.

"ಮುಂದಿನ ಜಂಕ್ಷನ್‌ನಲ್ಲಿ ಇಳೀಬೇಕಾಗುತ್ತೆ ಯಜಮಾನ್ರೇ" ಎಂದರು ಟಿ.ಸಿ.

ಈಗ ಟೈಲರನ ಮುಖ ನಿಜವಾಗಿ ಇಳಿಯಿತು. ಜಂಕ್ಷನ್‌ನಿಂದ ಮುಂದಕ್ಕೆ ಸಂಜೆಯವರೆಗೆ ಬೇರೆ ರೈಲಿಲ್ಲ. ಸ್ಟೇಷನ್ನಿನಲ್ಲಿ ಭಾವ ಅಂಗಿಯ ಮೇಲೆ ಏನೂ ಇಲ್ಲದೆ ಕಾಯುತ್ತಿರುತ್ತಾರೆ. ಮದುಮಗಳ ಅಪ್ಪ ಬರೀ ಅಂಗಿಯಲ್ಲಿ ಮಂಟಪಕ್ಕೆ ಹೋಗುತ್ತಾರೆ. ಮುಂದೆ ಏಳು ಜನ್ಮಕ್ಕೂ ಅಕ್ಕನ ಮನೆಯ ಹೊಸಿಲು ತನಗಿಲ್ಲ. ಅವನು ಗಂಟು ಬಿಚ್ಚಿ ಕೋಟು ತೋರಿಸಿದ. ಮದುವೆಯ ವಿಷಯ ಹೇಳಿದ. ಹೆಗಲಿನ ವಿಷಯವನ್ನೂ ಹೇಳಿದ, ಅಂದರೆ ತನ್ನ ಕಡೆಯದನ್ನು. ಅಜ್ಜಿ ಕೋಟಿನ ಒಳಗಿನ ಅಸ್ತರನ್ನು ಮುಟ್ಟಿ ನೋಡಿ, "ಕೈ ಚೆನ್ನಾಗಿದೆ ಕಣಪ್ಪ, ಬಾಯಿ ಒಂದು ಸರಿಯಿಲ್ಲ" ಎಂದಳು. ಆಮೇಲೆ ಟಿ.ಸಿ. ಕಡೆ ತಿರುಗಿದಳು.

"ಅಲ್ಲಪ್ಪಾ, ಗೊತ್ತಿಲ್ದೆ ಉಲ್ಟಾ ರೈಲು ಹತ್ತಿದೋರನ್ನ ನೀವು ಏನು ಮಾಡ್ತೀರಿ? ನಮ್ಮ ಯಜಮಾನ್ರು ಒಂದ್ಸಲ ಹತ್ತಿದ್ರು. ದಂಡ ಗಿಂಡ ಏನೂ ಹಾಕ್ಲಿಲ್ಲ."

"ಅದಕ್ಕೆ ನಿಯಮ ಇದೆ ಅಜ್ಜಿ." ನಿಯಮದ ಹೆಸರು ಕೇಳಿದ್ದೇ ಟಿ.ಸಿ. ನೆಟ್ಟಗೆ ನಿಂತರು. "ಉಲ್ಟಾ ದಿಕ್ಕಿನ ರೈಲು ಹತ್ತಿದ ಪ್ರಯಾಣಿಕರನ್ನ, ಸಿಬ್ಬಂದಿ ಜೊತೆ ಮಾಡಿ, ಇಲಾಖೆ ಖರ್ಚಲ್ಲೇ, ಟಿಕೆಟ್‌ನಲ್ಲಿ ಹೇಳಿರೋ ಹೊರಟ ಸ್ಟೇಷನ್ನಿಗೆ ವಾಪಸ್ ಬಿಡಬೇಕು."

"ಇವನು ಹೊರಟ ಸ್ಟೇಷನ್ ಯಾವುದು, ಟಿಕೆಟ್‌ನಲ್ಲಿ?"

ಟಿ.ಸಿ. ಟಿಕೆಟ್ ನೋಡಿದರು. ಅಕ್ಕನ ಊರು.

"ಅಲ್ಲಿಗೆ ಯಾವ ರೈಲು ಹೋಗುತ್ತಪ್ಪಾ?" ಎಂದಳು ಅಜ್ಜಿ, ಜೇನಿನಂಥ ದನಿಯಲ್ಲಿ.

"ಇದೇ" ಎಂದರು ಟಿ.ಸಿ.

ಹೀಗೆ, ತಾನು ಹೋಗಬೇಕಾದ ಊರಿಗೇ ಹೋಗುತ್ತಿದ್ದ ಟೈಲರನನ್ನು, ಅಲ್ಲಿಗೆ ವಾಪಸ್ ಕಳಿಸುವುದೆಂದು ತೀರ್ಮಾನವಾಯಿತು. ನಿಯಮದಲ್ಲಿ ಸಿಬ್ಬಂದಿ ಜೊತೆಗಿರಬೇಕು ಎಂದಿರುವುದರಿಂದ ಟಿ.ಸಿ. ಪಕ್ಕದಲ್ಲೇ ನಿಂತರು. ಟೈಲರ್ ಕೋಟು ಮಡಿಸುತ್ತ, ಗೆದ್ದವನ ಧಾಟಿಯಲ್ಲಿ, "ನೋಡಿದ್ರಾ, ನಾನು ಮೊದಲೇ ಹೇಳಿದೆ, ಟಿಕೆಟ್ ಸರಿಯಾಗೇ ಇದೆ" ಎಂದ.

"ನಿಯಮದಲ್ಲಿ ಇನ್ನೊಂದು ಮಾತು ಬಾಕಿ ಇದೆ" ಎಂದರು ಟಿ.ಸಿ. "ಅಲ್ಲಿ ಇಳಿದ ಮೇಲೆ ಸ್ಟೇಷನ್ ಮಾಸ್ಟರ್ ಎದುರಿಗೆ, ನಾಲ್ಕು ಜನಕ್ಕೆ ಕೇಳೋ ಹಾಗೆ, 'ತಪ್ಪು ನಂದು' ಅಂತ ಹೇಳಬೇಕು."

ಟೈಲರ್ ಮಡಿಸುವುದನ್ನು ನಿಲ್ಲಿಸಿದ. "ಏನಂತ?"

"'ತಪ್ಪು ನಂದು' ಅಂತ."

"ತಪ್ಪು ಕಿಟಕಿಯವನದು! ಚೀಟಿ ತೋರಿಸಿದ್ರೆ ಮೇಲಿಂದ ಕೆಳಕ್ಕೆ ಓದೋರು ಯಾರಾದ್ರೂ ಇದ್ದಾರಾ?"

ಅಜ್ಜಿ ಬೆಕ್ಕನ್ನು ನೋಡಿದಳು. ಬೆಕ್ಕು ಅಜ್ಜಿಯನ್ನು ನೋಡಿತು.

"ಸಿಬ್ಬಂದಿ ತಪ್ಪಾದ್ರೆ ವಿಚಾರಣೆ ಆಗುತ್ತೆ" ಎಂದರು ಟಿ.ಸಿ. "ಜಂಕ್ಷನ್‌ನಲ್ಲಿ ಇಳಿದು ಅದು ಮುಗಿಯೋವರೆಗೆ ನೀವು ಅಲ್ಲೇ ಇರಬೇಕು. ಬೆಂಚು ಇದೆ. ಚೆನ್ನಾಗೇ ಇದೆ ಬೆಂಚು."

ಜಂಕ್ಷನ್ ಬಂತು. ಬೆಂಚು ಕಿಟಕಿಯಿಂದ ಕಾಣಿಸಿತು. ಅದರ ಮೇಲೆ ಯಾವುದೋ ಹಳೆಯ ವಿಚಾರಣೆಯವನೆಂಬಂತೆ ಒಬ್ಬ ಗಡ್ಡದವನು ಮಲಗಿದ್ದ. ಟೈಲರ್ ಇಳಿಯಲಿಲ್ಲ. ರೈಲು ಹೊರಟಿತು.

ಅಕ್ಕನ ಊರಿನ ಪ್ಲಾಟ್‌ಫಾರ್ಮಿನಲ್ಲಿ ಭಾವ ಅಂಗಿಯ ತೋಳು ಮಡಿಸಿ ನಿಂತಿದ್ದರು. ಪಕ್ಕದಲ್ಲಿ ಅಕ್ಕ, ರೇಷ್ಮೆ ಸೀರೆಯಲ್ಲಿ, ಕಾಲು ಬದಲಿಸುತ್ತ. ಟೈಲರ್ ಇಳಿದ, ಹಿಂದೆಯೇ ಟಿ.ಸಿ., ಅವನ ತೋಳು ಹಿಡಿದು. ಅವರ ಹಿಂದೆ ಬುಟ್ಟಿ ಹೊತ್ತ ಅಜ್ಜಿ. ಅವಳು ಇಳಿಯಬೇಕಾದ್ದು ಇನ್ನೂ ಮುಂದಿನ ಸ್ಟೇಷನ್ನಿನಲ್ಲಿ, ಆದರೆ ಇದನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

"ಅಯ್ಯೋ, ಏನು ಮಾಡ್ಕೊಂಡ್ಯೋ!" ಎಂದಳು ಅಕ್ಕ.

"ಏನಿಲ್ಲ ಅಕ್ಕ. ವಾಪಸ್ ಬಂದಿದ್ದೀನಿ."

"ಬರೋದಕ್ಕೆ ಮುಂಚೆ ಹೇಗೋ ವಾಪಸ್ ಬಂದೆ?"

ಸ್ಟೇಷನ್ ಮಾಸ್ಟರ್ ಕೈಯಲ್ಲಿ ಹಸಿರು ಬಾವುಟ ಹಿಡಿದೇ ಬಂದರು. ಟಿ.ಸಿ. ವಿಷಯವನ್ನು ವಿವರಿಸಿದರು. ಮಾಸ್ಟರ್ ಒಂದು ಸಲ ಕೇಳಿ ಅರ್ಥವಾಗದೆ, ಎರಡನೇ ಸಲ ಕೇಳಿ ಅರ್ಥಮಾಡಿಕೊಳ್ಳದಿರಲು ನಿರ್ಧರಿಸಿ, "ಸರಿ, ಹೇಳಿಸಿ ಬೇಗ. ರೈಲು ಬಿಡಬೇಕು" ಎಂದರು.

ಟೈಲರ್ ಸುತ್ತ ನೋಡಿದ. ಭಾವ ಮಾರು ದೂರದಲ್ಲಿ, ಕೈಕಟ್ಟಿ, ಸಿಗ್ನಲ್ ಕಂಬ ನೋಡುವವರ ಹಾಗೆ ನಿಂತಿದ್ದರು. ಕಿವಿ ಮಾತ್ರ ಇತ್ತಲೇ ಇತ್ತು. ಟೈಲರ್ ಕೋಟಿನ ಅಂಚನ್ನು ಸರಿಮಾಡುವವನಂತೆ ಬಾಗಿದ, ಎರಡು ಗುಂಡುಸೂಜಿ ಕಿತ್ತು ತುಟಿಗಳ ನಡುವೆ ಇಟ್ಟುಕೊಂಡ, ನೆಟ್ಟಗಾಗಿ, "ಹಮ್ಮು ಹಮ್ಮು" ಎಂದ.

"ಸೂಜಿ ತೆಗೆದು ಹೇಳಿ" ಎಂದರು ಮಾಸ್ಟರ್.

ತೆಗೆದ. ಗಂಟಲು ಸರಿಮಾಡಿಕೊಂಡ. ಟೈಲರನ ಇಡೀ ಜೀವಮಾನದ ಗಿರಾಕಿಗಳೆಲ್ಲ, ಗಿಡ್ಡ ಪ್ಯಾಂಟಿನವರು, ಬಿಗಿ ಅಂಗಿಯವರು, ಒಂದು ತೋಳು ಉದ್ದವಾದವರು, ಆ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತು ಕಿವಿಗೊಟ್ಟಂತಾಯಿತು. ಅಕ್ಕ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು.

"ತಪ್ಪು ನಂದು" ಎಂದ.

"ಕೇಳಿಸ್ಲಿಲ್ಲ" ಎಂದರು ಭಾವ, ಸಿಗ್ನಲ್ ಕಂಬಕ್ಕೆ.

"ಇವರು ಯಾರು?" ಎಂದು ಮಾಸ್ಟರ್ ಕೇಳಿದರು.

"ಸಾಕ್ಷಿ" ಎಂದಳು ಅಜ್ಜಿ.

"ಸಾಕ್ಷಿಗೆ ಕೇಳಿಸಲೇಬೇಕು. ಇನ್ನೊಂದ್ಸಲ."

"ತಪ್ಪು ನಂದು!" ಎಂದು ಟೈಲರ್ ಕೂಗಿದ. ಮುಂದಿನ ಬೋಗಿಯವರೂ ಇಣುಕಿದರು.

ಭಾವ ತಿರುಗಿದರು. "ಟಿಕೆಟ್ಟಿನದೋ, ಹೆಗಲಿನದೋ?"

ಟೈಲರ್ ಅಕ್ಕನ ಮುಖ ನೋಡಿದ. "ಎರಡೂ ಅಂತ ಇಟ್ಕೊಳ್ಳಿ ಭಾವ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

"ಇಷ್ಟಕ್ಕೆ ರೈಲ್ವೆ ಇಲಾಖೆನೇ ಬರಬೇಕಾಯ್ತಲ್ಲೋ" ಎಂದು ಭಾವ ಕೈ ಚಾಚಿದರು. ಟೈಲರ್ ಕೋಟು ತೊಡಿಸಿದ. ಟಿ.ಸಿ., ಯಾರೂ ಕೇಳದೆಯೇ, ಕೋಟಿನಿಂದ ತೆಗೆದ ಗುಂಡುಸೂಜಿಗಳನ್ನು ಅಂಗೈಯಲ್ಲಿ ಹಿಡಿದು ನಿಂತರು. ಎದೆ ಕೂತಿತು, ತೋಳು ಕೂತಿತು, ಬೆನ್ನು ನೀರಿನ ಹಾಗೆ ಇಳಿಯಿತು. ಎಡ ಹೆಗಲು ತುಸು ತಗ್ಗಿತ್ತು.

ಟೈಲರ್ ಬಾಯಿ ತೆರೆದ. ಅಕ್ಕ ಕಣ್ಣು ಕೆಕ್ಕರಿಸಿದಳು. ಅವನು ಟಿ.ಸಿ. ಅಂಗೈಯಿಂದ ಸೂಜಿಗಳನ್ನೆಲ್ಲ ತೆಗೆದು ಬಾಯಿಗೆ ಹಾಕಿಕೊಂಡ.

ಮದುವೆ ಸಾಂಗವಾಗಿ ನಡೆಯಿತು. ಸಂಜೆ ಟೈಲರ್ ಅದೇ ಟಿಕೆಟ್ಟಿನ ಮೇಲೆ ಊರಿಗೆ ಮರಳಿದ. ದಾರಿಯಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ.