ಮುಚ್ಚಿದ ಪೆಟ್ಟಿಗೆಯ ಮೂವತ್ತು ನಿಮಿಷ

ಬಂಗುಡೆ ಮೀನಿನ ನೀರಿಗೆ ಪೊಟ್ಟಣ ಕಟ್ಟಿದ ಹಳೆ ಪೇಪರಿನ ಅಕ್ಷರಗಳು ಎದ್ದು ಕಾಣುತ್ತಿವೆ, ಭತ್ತದ ಗದ್ದೆಗಳಿಂದ ಹೊರಡುವ ಹಸಿರುಮನೆ ಅನಿಲಗಳ ಅಳತೆ, ಪಿಎಚ್.ಡಿ. ಸಂಶೋಧನೆಗೆ ಅರ್ಜಿ ಕರೆಯಲಾಗಿದೆ, ವಯಸ್ಸು ಇಪ್ಪತ್ತೆಂಟು ಮೀರಿರಬಾರದು — ಶ್ರೀಲತಾ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಓದುತ್ತಾಳೆ, ಹ್ವಾಯ್ ಟೀಚರೇ, ಎಂತ ಕಾಂತ್ರಿ, ಪೇಪರ್ ಹಳತ್, ಮೀನ್ ಹೊಸತೇ, ಎಂದು ಮೀನು ಮಾರುವ ವನಜ ನಗುತ್ತಾಳೆ, ಇವಳೂ ನಕ್ಕಳು, ನಗದೆ ಇನ್ನೇನು, ಮೂವತ್ತಮೂರು ತುಂಬಿತು, ವಂಡ್ಸೆಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಉರು ಹೊಡೆಸುವವಳಿಗೆ ಇನ್ನು ಯಾವ ಅರ್ಜಿ. ಏಳು ವರ್ಷದ ಹಿಂದೆ ಇದೇ ಸಂಶೋಧನೆಯ ಬಾಗಿಲವರೆಗೆ ಹೋಗಿದ್ದಳಲ್ಲ, ಸೀಟಿಗೆ ಮೊದಲು ಒಂದು ಬೆಳೆ ಅಳೆದು ತೋರಿಸಬೇಕಿತ್ತು, ಗುಲ್ವಾಡಿಯ ಸರಸಕ್ಕನ ಗದ್ದೆ, ಮೊಣಕಾಲುದ್ದ ಕೆಸರು, ಪೈರಿನ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಸೇರಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆಯಬೇಕು, ಮುಚ್ಚಿದ ಕೂಡಲೇ ಒಮ್ಮೆ, ಹದಿನೈದನೇ ನಿಮಿಷಕ್ಕೊಮ್ಮೆ, ಮೂವತ್ತಕ್ಕೊಮ್ಮೆ, ನಡುವೆ ಪೆಟ್ಟಿಗೆ ಬಿಟ್ಟು ಕದಲಬಾರದು — ಅಷ್ಟು ಓದಿದವಳಿಗೆ ಅದು ಗೊತ್ತಿರಲಿಲ್ಲವೆ, ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು, ಆದರೆ ವಾರ ವಾರವೂ ಸರಸಕ್ಕ ಕರೆಯುವುದು, ಬಾ ಮಗಾ, ಚಾ ತಣ್ಗಾತ್ತ್, ಪೆಟ್ಗಿ ಎಂತ ಓಡಿ ಹೋತ್ತಾ, ಇವಳು ಜಗಲಿಯಲ್ಲಿ ಕೂತು ಬಿಸಿ ಚಾ ಊದುವುದು, ಸರಸಕ್ಕ ದನಕ್ಕೆ ಹುಲ್ಲು ತತ್ತೆ ಎಂದು ಗದ್ದೆಯ ಕಡೆ ಹೋಗುವುದು, ಹಾಯಾಗಿತ್ತು ಆ ಕೊನೆಯ ಹದಿನೈದು ನಿಮಿಷ, ಎಷ್ಟು ಹಾಯಾಗಿತ್ತು.

ಆ ಸೀಟಿನ ಸಂದರ್ಶನದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದೆ, ಪ್ರೊಫೆಸರು ಅವಳ ಅಂಕಿಗಳ ಮೇಲೆ ಬೆರಳಿಟ್ಟಿದ್ದಾರೆ, ನೋಡಿ ಶ್ರೀಲತಾ, ಪೈರು ಹೊಡೆ ತುಂಬಿ ತೆನೆ ಹೊರಡುವ ವಾರಗಳಲ್ಲೆಲ್ಲ ಹದಿನೈದನೇ ನಿಮಿಷಕ್ಕಿಂತ ಮೂವತ್ತನೇದು ಕಡಿಮೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅನಿಲ ಏರಬೇಕು, ಇಳಿಯಿತು ಹೇಗೆ, ನೀವು ಎಲ್ಲಿದ್ದಿರಿ? ದನಿಯಲ್ಲಿ ಸಿಟ್ಟಿಲ್ಲ, ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದಾರೆ, ತಪ್ಪಾಗಿದ್ದರೆ ಹೇಳಿಬಿಡಿ, ಸೀಟು ನಿಮ್ಮದೇ ಎಂದು ಬರೆಯುತ್ತೇನೆ, ಇನ್ನೊಂದು ಬೆಳೆ ಅಳೆಯೋಣ — ಇವಳ ಬಾಯಿಂದ ಬಂದದ್ದು, ಪಕ್ಕದಲ್ಲೇ ನಿಂತಿದ್ದೆ ಸರ್, ಒಂದು ಹೆಜ್ಜೆ ಕದಲಿಲ್ಲ. ಸೀಟು ಅಲ್ಲಿಗೇ ಹೋಯಿತು. ಯಾಕೆ ಹಾಗೆಂದೆ, ಚಾ ಕುಡಿಯುತ್ತಿದ್ದೆ ಎನ್ನಲು ನಾಚಿಕೆಯೇ, ಚಾ ಕುಡಿದವರನ್ನು ಯಾರು ಗಲ್ಲಿಗೇರಿಸುತ್ತಾರೆ. ಆಮೇಲೆ ಪೆಟ್ಟಿಗೆ ವಾಪಸು ತರಲು ಹೋದಾಗ ಸರಸಕ್ಕನೇ ಹೇಳಿದಳು, ಹೆಮ್ಮೆಯಿಂದ, ನೀ ಚಾ ಕುಡುವತಿಗೆ ನಾನೇ ಪೆಟ್ಗಿ ಒಂಚೂರ್ ಎತ್ತಿ ಗಾಳಿ ಹೋಪಂಗೆ ಮಾಡ್ತಿದ್ದೆ ಮಗಾ, ಹೊಡಿ ತುಂಬ್ದ್ ಪೈರ್ ಬಸ್ರಿ ಹೆಂಗ್ಸಿನಂಗೆ, ಉಸ್ರ್ ಕಟ್ರೆ ಕಾಳೆಲ್ಲ ಒಳ್ಗ್ ಎಂತ ಇಲ್ದೆ ಪೊಟ್ಟ್ ಆತ್ತಿಲ್ಯಾ. ಬಸುರಿಗೆ ಉಸಿರು ಕೊಟ್ಟವಳನ್ನು ಏನೆಂದು ಬಯ್ಯುವುದು. ಮತ್ತೆ ದೊಡ್ಡ ಓದಿಗೆ ಕರ್ದ್ರಾ, ಎಂದು ಕೇಳಿದಳು, ಇಲ್ಲ ಸರಸಕ್ಕ, ನಂಗೇ ಮನ್ಸಿಲ್ಲೆ, ಅಂದೆ, ಅಲ್ಲಿಯೂ ಸುಳ್ಳು. ಬಸ್ಸು ಹಾರ್ನು ಹಾಕುತ್ತಿದೆ, ಹೋಗಬೇಕು, ಮೀನಿನ ನೀರು ಸೀರೆಗೆ ತೊಟ್ಟಿಕ್ಕುತ್ತಿದೆ, ಪೆಟ್ಟಿಗೆ ಎತ್ತಿದ್ದು ಸರಸಕ್ಕನ ಕೈ, ಇರಲಿ, ಅದಕ್ಕೆ ಒಂದು ಬೆಳೆ ಹೋಯಿತು ಅಷ್ಟೆ, ಉಳಿದದ್ದನ್ನೆಲ್ಲ ಕಳೆದದ್ದು ನನ್ನ ಬಾಯಿ, ಆ ಕೋಣೆಯಲ್ಲಿ ಪ್ರೊಫೆಸರು ಇನ್ನೂ ನೋಡುತ್ತಿದ್ದಾರೆ, ಒಂದೇ ಒಂದು ಮಾತು ಸಾಕು ಅವರಿಗೆ, ಹಾಳೆಯ ಮೇಲೆ ಬೆರಳಗಲ ಎತ್ತರದಲ್ಲಿ ಪೆನ್ನು, ಬರೆಯಲು ತಯಾರಾಗಿ, ಪೆನ್ನು ನಿಂತೇ ಇದೆ —