ಅಂಟು ಒಣಗುವಷ್ಟು ಹೊತ್ತು

ಜೀರುಂಡೆ ಕೊರೆದಂತೆ ಸದ್ದು, ಅಲ್ಲ, ಕಣಜದ ಹುಳು ಕಿವಿಯ ಹತ್ತಿರ ಬಂದು ಹೋದಂತೆ, ತುಮಕೂರಿನ ಫ್ಯಾಕ್ಟರಿಯ ಸಿಮೆಂಟ್ ಅಂಗಳದಲ್ಲಿ ಮೊಳದುದ್ದದ ಕೆಂಪು ಆಟಿಕೆ ಕಾರು ತಿರುವು ತೆಗೆದುಕೊಂಡಾಗಲೆಲ್ಲ ನರಸಯ್ಯನ ಕಾಲ್ಬೆರಳು ಚಪ್ಪಲಿಯಲ್ಲಿ ಮುದುಡುತ್ತದೆ, ಕಣ್ಣು ಮುಚ್ಚಿದರೆ ಕಳಚಿದ ಟೈರು ಒಂಟಿಯಾಗಿ ಉರುಳುತ್ತದೆ, ತೆರೆದರೆ ಇಲ್ಲ, ಇನ್ನೂ ಹಿಡಿದುಕೊಂಡಿದೆ — ಟ್ರಾನ್ಸಿಸ್ಟರಿನ ಹಾಗೆ ಏರಿಯಲ್ ಎಳೆದ ಪೆಟ್ಟಿಗೆ ಇಂಜಿನಿಯರ್ ವೆಂಕಟರಂಗಯ್ಯನವರ ಕೈಯಲ್ಲಿ, ತಂತಿಯಿಲ್ಲ, ಗಾಳಿಯಲ್ಲೇ ಹೇಳಿದ ಮಾತು ಕೇಳುತ್ತದೆ ಕಾರು, ಜಪಾನಿನಿಂದ ಅವರ ಭಾವ ತಂದದ್ದು, ಟೈರು ಕಳಚಿತೆಂದು ಗುಬ್ಬಿಯ ಅವನ ಪಂಕ್ಚರ್ ಅಂಗಡಿಗೇ ಜೀಪು ತಂದು ನಿಲ್ಲಿಸಿದ್ದರು, ಏನಯ್ಯಾ, ಲಾರಿ ಟ್ಯೂಬಿಗೇ ಪ್ಯಾಚ್ ಹಾಕ್ತೀಯ, ಇದ್ಯಾವ ಲೆಕ್ಕ, ಭಾನುವಾರ ಫ್ಯಾಕ್ಟರಿ ಸಾಹೇಬರ ಮುಂದೆ ಓಡಿಸ್ಬೇಕು, ನನ್ ಮಾನ ಉಳಿಸು, ಸೋಮವಾರದಿಂದ ನಮ್ ಗ್ಯಾರೇಜಿಗೆ ಬಂದ್ಬಿಡು, ಪರ್ಮನೆಂಟು. ಪರ್ಮನೆಂಟು ಅಂದರೆ ಅವನಿಗೆ ರಂಗಲಕ್ಷ್ಮಮ್ಮ, ಕೊತ್ತಗೆರೆಯ ತವರಿನ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದ್ದು, ನೆಟ್ಟಗೊಂದು ಕೆಲ್ಸ ಇಟ್ಕೊಂಡು ಬಾ, ಬರೀ ಕೈಲಿ ಬಂದು ಕರೀಬ್ಯಾಡ, ಇನ್ ನನ್ ಕೈಲಾಗಕಿಲ್ಲ, ಒಳಗಿಂದ ಅವಳವ್ವ, ಹೋಗ್ಲಿ ಕಾಫಿನಾದ್ರೂ ಕುಡ್ದೋಗಪ್ಪ, ಅದನ್ನೂ ಕುಡಿದು ಬಂದಿದ್ದ — ಅಂಗೈಯಲ್ಲಿ ಅಡಗುವ ಬಿಳಿ ಪ್ಲಾಸ್ಟಿಕ್ ಚಕ್ರ, ಅಂಗಡಿಯಲ್ಲಿ ಕೂತು ಅರದಿಂದ ತಿಕ್ಕಿದ, ಟೈರಿನ ಅಂಚನ್ನೂ ತಿಕ್ಕಿದ, ಸಲೂಷನ್ ಅಂಟು ಸವರಿದ, ಒಣಗುವ ತನಕ ಕಾಯಬೇಕು, ಕಾಯುವಾಗ ಕೈ ತಾನಾಗಿ ತಲೆಗೆ ಹೋಗುತ್ತದೆ, ಕೂದಲಲ್ಲಿ ಬೆರಳಾಡುತ್ತದೆ, ಅವಳಿದ್ದಾಗ ದಿನಾ ಬೆಳಗ್ಗೆ ಅಂಗೈ ತುಂಬ ಕೊಬ್ಬರಿ ಎಣ್ಣೆ ಸುರಿದು ನೆತ್ತಿಗೆ ತಟ್ಟುತ್ತಿದ್ದಳು, ತಲೆ ಕಾದ್ರೆ ಬುದ್ಧಿನೂ ಕಾಯ್ತದೆ ಕಣಯ್ಯಾ, ಇರೋದೇ ಒಸಿ, ಅವಳು ಬಿಟ್ಟುಹೋದ ಬಾಟಲಿಯಿಂದ ಈಗ ತಾನೇ ಹಚ್ಚಿಕೊಳ್ಳುತ್ತಾನೆ, ಮುಗಿದುಬಿಡಬಾರದೆಂದು ತೊಟ್ಟು ತೊಟ್ಟಾಗಿ, ಆಮೇಲೆ ಅದೇ ಬೆರಳಲ್ಲಿ ಟೈರನ್ನು ಚಕ್ರಕ್ಕೆ ಒತ್ತಿ — ಅದೇ ಬೆರಳಲ್ಲಿ — ಈಗಲೂ ಕೈ ತಲೆಯಲ್ಲೇ ಇದೆ, ಇಳಿಸಿ ನೋಡುತ್ತಾನೆ, ಬಿಸಿಲಿಗೆ ಬೆರಳ ತುದಿ ಮಿರಮಿರ, ಎಣ್ಣೆ ಮುಟ್ಟಿದ್ ಕಡೆ ಪ್ಯಾಚ್ ಕೂರಲ್ಲ ಕಣ್ಲಾ, ಕೆಲಸ ಕಲಿಸಿದ ರಾಮಾಂಜಿನಯ್ಯ ಮೊದಲ ದಿನವೇ ಬೆರಳ ಮೇಲೆ ಹೊಡೆದು ಹೇಳಿದ್ದು, ಇಷ್ಟು ವರ್ಷ ಮರೆಯದೇ ಇದ್ದದ್ದು, ನಿಲ್ಸಿ ಸಾರ್ ಅನ್ನಬೇಕು, ಈಗಲೇ ಅನ್ನಬೇಕು, ಸಾಹೇಬರು ಚಪ್ಪಾಳೆ ತಟ್ಟುತ್ತಿದ್ದಾರೆ, ವೆಂಕಟರಂಗಯ್ಯನವರು ಇನ್ನೂ ಜೋರು ಮಾಡುತ್ತಾರೆ, ತಿರುವು, ಕಣಜದ ಸದ್ದು ಚೀರಾಟವಾಗುತ್ತದೆ, ಬರಿಮೈಯ ಬಿಳಿ ಚಕ್ರ ಸಿಮೆಂಟನ್ನು ಕೆರೆಯುತ್ತದೆ, ಏನ್ಲಾ ಇದು ನರಸಯ್ಯಾ, ವೆಂಕಟರಂಗಯ್ಯನವರ ಕೂಗು, ಯಾರೋ ನಗುತ್ತಾರೆ, ಸೋಮವಾರ, ಹುಣಸೆಹಣ್ಣು, ಬಾಟಲಿಯ ತಳದಲ್ಲಿ ಇನ್ನೊಂದಿಷ್ಟು ಎಣ್ಣೆ, ಟೈರು ಒಂಟಿಯಾಗಿ, ನೆಟ್ಟಗೆ ನಿಂತೇ, ಅವನ ಕಡೆಗೇ ಉರುಳಿ ಬರುತ್ತಿದೆ, ಬಿದ್ದುಬಿಡಬಾರದೇ, ಬೀಳುವುದಿಲ್ಲ, ಉರುಳುತ್ತಿದೆ, ಒಂಟಿಯಾಗಿ, ಉರುಳುತ್ತಿದೆ