ಕಾಡಿನೊಳಗೆ ತಳ ಹಿಡಿದ ಅನ್ನ

ಸಲ್ಬಿಯಾಳ ಮೂಗಿನ ಬಗ್ಗೆ ಕುವಾಲ ತಾಹಾನ್ ಎಂಬ ಹೊಳೆದಂಡೆಯ ಊರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ. ತೆಂಬೆಲಿಂಗ್ ಹೊಳೆಯ ಮೇಲೆ ಸಾಲಾಗಿ ತೇಲುವ ಹೋಟೆಲುಗಳಲ್ಲಿ ಮೂರನೆಯದು ಅವಳದು. ಮೀನು ಮಾರುವವನು ಬುಟ್ಟಿಯ ಮುಚ್ಚಳ ತೆಗೆಯುವ ಮೊದಲೇ "ಇದು ನಿನ್ನೆಯದು, ಬೆಕ್ಕಿಗೆ ಹಾಕು" ಎಂದು ಅವನನ್ನು ಹಿಂದಕ್ಕೆ ಕಳಿಸುವವಳು. ಪಕ್ಕದ ಹೋಟೆಲಿನಲ್ಲಿ ಬೆಳ್ಳುಳ್ಳಿ ಒಂದು ಚೂರು ಹೆಚ್ಚು ಕೆಂಪಾದರೂ ಇಲ್ಲಿ ನಿಂತೇ ಮುಖ ಸಿಂಡರಿಸುವಳು. ಹಾಗಾಗಿ ಆಚೆ ದಡದ ಕಾಡಿನಲ್ಲಿ ಯಾರೋ ಅನ್ನ ಮಾಡುತ್ತಿದ್ದಾರೆ ಎಂದು ಅವಳು ಹೇಳಿದಾಗ ನಗುವ ಧೈರ್ಯ ಬಂದದ್ದು ಅವಳ ಗಂಡ ಜೊಹಾರಿಗೆ ಮಾತ್ರ.

"ಕಾಡಲ್ಲಿ ಅನ್ನ ಮಾಡ್ತಾರಾ? ಹುಲಿ ಏನಾದ್ರೂ ಹೋಟೆಲ್ ಇಟ್ಟಿದೆಯೇನೇ?" ಎಂದ ಅವನು ದೋಣಿಯ ಎಂಜಿನ್‌ಗೆ ಎಣ್ಣೆ ಸುರಿಯುತ್ತ.

"ನಗ್ರಿ, ನಗ್ರಿ. ಘಮಘಮ ಅನ್ನಲಿ ಅಂತ ಪಾಂಡಾನ್ ಎಲೆ ಹಾಕಿದ ಅನ್ನ. ತಳ ಹಿಡಿಯೋಕೆ ಶುರುವಾಗಿರತ್ತೆ, ಆಗ ಬರೋ ವಾಸನೆ. ಇಷ್ಟೂ ಗೊತ್ತಾಗಲ್ವಾ ನನಗೆ?"

ಆ ವಾಸನೆ ಅವಳಿಗೆ ಸಿಕ್ಕಿ ಹತ್ತು ದಿನವಾಗಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಆ ಕಾಡೆಲ್ಲ ಸೇರಿದ ರಾಷ್ಟ್ರೀಯ ಉದ್ಯಾನದ ಗೈಡುಗಳ ಊಟದ ಪೊಟ್ಟಣಗಳನ್ನು ಹೊತ್ತು ಗಂಡನ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಉದ್ದದ ಮೆಟ್ಟಿಲು ಹತ್ತಿ, ಕಚೇರಿಯ ಕಟ್ಟೆಯ ಮೇಲೆ ಪೊಟ್ಟಣ ಇಟ್ಟು ಬರುವುದು ಅವಳ ದಿನಚರಿ. ಕಟ್ಟೆಯ ಹತ್ತಿರ ನಿಂತು ಉಸಿರು ಸುಧಾರಿಸಿಕೊಳ್ಳುವಾಗ ಕಾಡಿನ ಕಡೆಯಿಂದ ಆ ವಾಸನೆ ತೇಲಿ ಬರುತ್ತಿತ್ತು. ಒಮ್ಮೊಮ್ಮೆ ಬಂದಷ್ಟೇ ಬೇಗ ಹೋಗುತ್ತಿತ್ತು. ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಅದು ಎಷ್ಟು ದಟ್ಟವಾಗಿ ಬಂತೆಂದರೆ, ಒಲೆ ಆರಿಸದೆ ಬಂದೆನೇನೋ ಎಂದು ಸಲ್ಬಿಯಾ ಹೊಳೆಯಾಚೆ ತಿರುಗಿ ತನ್ನ ಹೋಟೆಲಿನ ಕಡೆ ನೋಡಿದ್ದಳು.

ಅವಳ ತಲೆ ಬೇರೆ ಕಡೆಗೂ ಓಡಿತ್ತು. ಹೋದ ವಾರದಿಂದ ಗೈಡುಗಳಿಗೆ ಮೂರು ಪೊಟ್ಟಣ ಕಮ್ಮಿ ಬೇಕಾಗುತ್ತಿತ್ತು. ಐದನೆಯ ಹೋಟೆಲಿನ ಮೆಕ್ ಸೋಮ್ ಮೊದಲೇ ಕಿಲಾಡಿ ಹೆಂಗಸು. ಕಾಡಿನೊಳಗೆ ಎಲ್ಲೋ ಮೂರು ಕಲ್ಲು ಹೂಡಿ, ಬಿಸಿಬಿಸಿ ಬಡಿಸಿ, ಗೈಡುಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದರೆ? ಉದ್ಯಾನದಲ್ಲಿ ಬೆಂಕಿ ಹಚ್ಚುವಂತಿಲ್ಲ. ಆದರೆ ಮೆಕ್ ಸೋಮ್‌ಗೆ ಯಾವ ಫಲಕ ಓದಲು ಬರುತ್ತದೆ!

ಬುಧವಾರ ಅಡುಗೆಮನೆಯನ್ನು ನಾದಿನಿಗೆ ಒಪ್ಪಿಸಿ, ರಬ್ಬರ್ ತೋಟದವರು ಹಾಕುವ ಬೂಟು ಮೆಟ್ಟಿ, ಉದ್ದ ಅಂಗಿಯ ಮೇಲೆ ಗಂಡನ ಹಳೆಯ ಕೋಟು ತೊಟ್ಟು ಸಲ್ಬಿಯಾ ಆಚೆ ದಡದ ಟಿಕೆಟ್ ಕಿಟಕಿಯ ಮುಂದೆ ನಿಂತಳು. ಮದುವೆಯಾಗಿ ಈ ಊರಿಗೆ ಬಂದು ಮೂವತ್ತೊಂದು ವರ್ಷ. ಆ ಕಾಡು ಬೆಳಗಾಗೆದ್ದರೆ ಕಣ್ಣೆದುರು. ಯಾವ್ಯಾವುದೋ ದೇಶದಿಂದ ಜನ ಅದನ್ನು ನೋಡಲು ಬಂದು, ಮಂಡಿಯವರೆಗೆ ಕೆಸರು ಮಾಡಿಕೊಂಡು, ಅವಳ ಕೈಯ ಮೀನುಸಾರು ಉಂಡು ಹೋಗುತ್ತಿದ್ದರು. ಏನು ಕಂಡಿರಿ ಎಂದು ಕೇಳಿದರೆ ಫೋನು ತೆರೆದು ಎಲೆಗಳನ್ನು ತೋರಿಸುತ್ತಿದ್ದರು. ಅವಳು ಮಾತ್ರ ಕಚೇರಿಯ ಕಟ್ಟೆ ದಾಟಿರಲಿಲ್ಲ. ಮಕ್ಕಳು, ಒಲೆ, ಕೋಳಿ, ಮತ್ತೆ ಒಲೆ. ಹೋಗಬೇಕೆಂದು ಅನ್ನಿಸಿಯೂ ಇರಲಿಲ್ಲ.

ಅವಳ ತಂಗಿಯ ಮಗ ರುಸ್ಲಿ ನಾಲ್ಕು ವರ್ಷದಿಂದ ಅಲ್ಲಿ ಗೈಡು. ಅವಳನ್ನು ಅವನು ಕರೆಯುವುದು ಮಕ್ ಲಾಂಗ್, ಅಂದರೆ ದೊಡ್ಡಮ್ಮ, ಎಂದು. ಸಾಲಿನಲ್ಲಿ ಇಬ್ಬರು ಬಿಳಿಯರ ಹಿಂದೆ ನಿಂತ ದೊಡ್ಡಮ್ಮನನ್ನು ಕಂಡು ಓಡಿ ಬಂದ.

"ಮಕ್ ಲಾಂಗ್! ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಕಾಡು ನೋಡಕ್ಕೆ ಬಂದಿದೀನಿ. ನೋಡಬಾರದಾ?"

"ನೋಡಬಹುದು. ಆದ್ರೆ ನೀವು…"

"ನಾನು ಏನು? ಟಿಕೆಟ್ ತಗೊಂಡೇ ಬರ್ತೀನಿ. ನಡಿ ಮುಂದೆ. ಅವರಿಗೆಲ್ಲ ಹೇಗೆ ತೋರಿಸ್ತೀಯೋ ಹಾಗೇ ತೋರಿಸು."

ಹಲಗೆ ಹಾಸಿದ ದಾರಿ ಮರಗಳ ಕೆಳಗೆ ನುಗ್ಗುವ ಜಾಗದಲ್ಲಿ ಸಲ್ಬಿಯಾ ನಿಂತಳು. ಕಾಡು ಹೊಗುವಾಗ ಅಲ್ಲಿನ ದೈವಗಳಿಗೆ ಹೇಳಬೇಕೆಂದು ಅವಳ ತಾಯಿ ಕಲಿಸಿದ್ದು ಬಾಯಿಗೆ ತಾನಾಗಿ ಬಂತು. "ಅಜ್ಜಂದಿರೇ, ಅಜ್ಜಿಯಂದಿರೇ, ಮೊಮ್ಮಗಳು ಹಾದು ಹೋಗ್ತಿದೀನಿ, ಅಪ್ಪಣೆ ಕೊಡಿ" ಎಂದು ಮೆಲ್ಲಗೆ ಹೇಳಿ ಒಳಗೆ ಕಾಲಿಟ್ಟಳು.

ಹತ್ತು ಹೆಜ್ಜೆಗೆ ಬೆಳಕಿನ ಬಣ್ಣ ಬದಲಾಯಿತು. ಹೊಳೆಯ ಎಂಜಿನ್ನುಗಳ ಸದ್ದು ಬಾಗಿಲು ಮುಚ್ಚಿದಂತೆ ನಿಂತೇಹೋಯಿತು. ಮನೆಯ ಗೋಡೆಯಷ್ಟು ಎತ್ತರದ ಬೇರುಗಳು, ಬೇರುಗಳ ಮೇಲೆ ಹಾವಸೆ, ಎಲ್ಲಿಂದಲೋ ತೊಟ್ಟಿಕ್ಕುವ ನೀರು. ಮೇಲೆ ಮಂಗಟ್ಟೆ ಹಕ್ಕಿಯೊಂದು ಹಾರಿದಾಗ ರೆಕ್ಕೆಯ ಸದ್ದು ಯಾರೋ ಗೋಣಿಚೀಲ ಕೊಡವಿದಂತೆ ಕೇಳಿಸಿತು. ರುಸ್ಲಿ ರೂಢಿಯ ದನಿಯಲ್ಲಿ ಶುರು ಮಾಡಿದ. "ಇದು ಮೆರಾಂತಿ ಮರ, ಐವತ್ತು ಮೀಟರ್ ಬೆಳೆಯುತ್ತೆ. ಇದು ತುವಾಲಾಂಗ್, ಇದರ ಮೇಲೆ ಜೇನು…"

"ರುಸ್ಲಿ."

"ಏನು ಮಕ್ ಲಾಂಗ್?"

"ನೀನು ಬಾಯಿ ಮುಚ್ಚಿದ್ರೆ ನನ್ನ ಮೂಗು ತೆರೀತದೆ."

ಅವಳು ಕಣ್ಣು ಮುಚ್ಚಿ ನಿಂತಳು. ಕೊಳೆತ ಎಲೆ. ಒದ್ದೆ ಮಣ್ಣು. ಶುಂಠಿಯ ಜಾತಿಯ ಯಾವುದೋ ಗಿಡ. ರುಸ್ಲಿಯ ಅಂಗಿಗೆ ಹತ್ತಿದ ಸಿಗರೇಟಿನ ನಾತ. ಇವೆಲ್ಲದರ ಹಿಂದೆ, ತೆಳುವಾಗಿ, ಎಡಗಡೆಯಿಂದ, ಅನ್ನ.

"ನಿಜ ಹೇಳು, ಮೆಕ್ ಸೋಮ್ ಎಲ್ಲಿ ಒಲೆ ಹೂಡಿದಾಳೆ?"

ರುಸ್ಲಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಲಗೆ ದಾರಿಯ ಪಕ್ಕದ ಕಂಬಿ ಹಿಡಿದುಕೊಂಡು ನಕ್ಕ. ಮೂರು ಪೊಟ್ಟಣ ಕಮ್ಮಿಯಾದದ್ದಕ್ಕೆ ಇಬ್ಬರ ರಜೆ ಕಾರಣ, ಮೂರನೆಯವನು ಮದುವೆಗೆ ಮುಂಚೆ ಹೊಟ್ಟೆ ಕರಗಿಸುತ್ತಿದ್ದಾನೆ ಎಂದ. "ಇಲ್ಲಿ ಒಂದು ಬೆಂಕಿಕಡ್ಡಿ ಗೀರಿದ್ರೂ ನನ್ನ ಕೆಲಸ ಹೋಗುತ್ತೆ. ಒಲೆ ಅಂತೆ!"

"ಹಾಗಾದ್ರೆ ಈ ವಾಸನೆ?"

"ನನಗೆ ಯಾವ ವಾಸನೇನೂ ಬರ್ತಿಲ್ಲ."

"ಆ ಸಿಗರೇಟು ಸೇದೋ ಮೂಗಿಗೆ ಏನು ಬಂದೀತು!"

ಮೆಕ್ ಸೋಮ್ ಅಲ್ಲವೆಂದ ಮೇಲೆ ಸಲ್ಬಿಯಾಳ ಕೋಪ ಇಳಿಯಿತು, ಕುತೂಹಲ ಮಾತ್ರ ಇನ್ನೂ ಏರಿತು. ಒಲೆಯಿಲ್ಲ, ಬೆಂಕಿಯಿಲ್ಲ, ಅಕ್ಕಿಯಿಲ್ಲ. ಆದರೂ ಅನ್ನ ಬೇಯುತ್ತಿದೆ. ಅವಳು ನಾಲ್ಕು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ, ಕಳೆದ ಕೋಳಿ ಹುಡುಕುವವಳ ಹಾಗೆ ನಡೆದಳು. ವಾಸನೆ ಸಿಗುತ್ತಿತ್ತು, ತಪ್ಪುತ್ತಿತ್ತು. ಒಂದು ಗಂಟೆಯಲ್ಲಿ ಎರಡು ಇಂಬಳ ಕಾಲಿಗೆ, ಒಂದು ಕುತ್ತಿಗೆಗೆ ಹತ್ತಿ ರಕ್ತ ಕುಡಿದು ಉದುರಿದವು. ಕೊನೆಗೆ ವಾಸನೆ ಪೂರ್ತಿ ಮಾಯವಾಯಿತು. ಹಲಗೆಯ ಮೇಲೆ ಕೂತು ಬೂಟು ಬಿಚ್ಚಿ ಕೆಸರು ಒರೆಸಿಕೊಳ್ಳುತ್ತಿದ್ದಾಗ ಎದುರಿನಿಂದ ತೆಬು ಬಂದಳು.

ತೆಬು ಬತೆಕ್ ಜನದ ಹೆಂಗಸು. ಆ ಕಾಡೇ ಅವರ ಊರು. ಬೆನ್ನಿಗೆ ಬೆತ್ತದ ಬುಟ್ಟಿ, ಕಿವಿಯ ಸಂದಿಗೆ ಸಿಕ್ಕಿಸಿದ ಹಸಿ ಎಲೆ, ಬರಿಗಾಲು. ಹದಿನೈದು ದಿನಕ್ಕೊಮ್ಮೆ ಉಪ್ಪು, ಹೊಗೆಸೊಪ್ಪು ಕೊಳ್ಳಲು ಹೊಳೆ ದಾಟುತ್ತಿದ್ದಳು. ಆಗೆಲ್ಲ ಸಲ್ಬಿಯಾಳ ಹೋಟೆಲಿನಲ್ಲಿ ಕೂತು ಸಕ್ಕರೆ ಹೆಚ್ಚು ಹಾಕಿದ ಚಹ ಕುಡಿದು ಹೋಗುವಳು. ಇಬ್ಬರದೂ ಎಷ್ಟೋ ವರ್ಷದ ಗುರುತು. ಆದರೆ ಯಾವ ಕಡೆಯಿಂದ ಬರುತ್ತೀ ಎಂದು ಸಲ್ಬಿಯಾ ಒಮ್ಮೆಯೂ ಕೇಳಿರಲಿಲ್ಲ.

"ಅಕ್ಕಾ, ನೀನು ಇಲ್ಲಿ!" ಎಂದು ತೆಬು ನಿಂತಳು. "ದಾರಿ ತಪ್ಪಿದೆಯಾ?"

"ಇಲ್ಲ ಮಾರಾಯ್ತಿ. ಇಲ್ಲಿ ಯಾರೋ ಅನ್ನ ಮಾಡ್ತಿದಾರೆ. ಯಾರು ಅಂತ ನೋಡಬೇಕು."

ತೆಬು ಅವಳ ಮುಖವನ್ನೇ ನೋಡಿದಳು, ತಮಾಷೆಯೋ ನಿಜವೋ ಎಂದು. ಆಮೇಲೆ ಮೂಗನ್ನು ಗಾಳಿಗೆ ಒಡ್ಡಿದಳು. ಅವಳ ತುಟಿಯ ಮೂಲೆ ಸ್ವಲ್ಪ ಅಲುಗಿತು.

"ಹೌದು, ಮಾಡ್ತಿದಾರೆ. ಬಾ, ತೋರಿಸ್ತೀನಿ. ಅಲ್ಲಿ ಏನು ಕಂಡರೂ ನಗಬಾರದು, ಅಷ್ಟೇ."

"ಯಾಕೆ?"

"ನಕ್ಕರೆ ಗುಡುಗಿನವನಿಗೆ ಸಿಟ್ಟು ಬರುತ್ತೆ. ನನ್ನ ತಮ್ಮ ಒಂದ್ಸಲ ಕಪ್ಪೆ ನೋಡಿ ನಕ್ಕ. ಆವತ್ತು ಬಂದ ಗಾಳಿಗೆ ನಮ್ಮ ಮೂರು ಗುಡಿಸಲಿನ ಮೇಲೆ ಮರ ಬಿತ್ತು. ಅವನಿಗೆ ಇವತ್ತಿಗೂ ಯಾರೂ ಅದನ್ನ ಮರೆಯೋಕೆ ಬಿಡಲ್ಲ."

ಹಲಗೆ ದಾರಿ ಬಿಡಬಾರದೆಂದು ರುಸ್ಲಿ ಗೊಣಗಿದ. ಇದು ನಿಮ್ಮ ಹಲಗೆಗಿಂತ ಹಳೇ ದಾರಿ ಎಂದು ತೆಬು ಮುಂದೆ ನಡೆದಳು. ಸಲ್ಬಿಯಾಳ ಕಣ್ಣಿಗೆ ಅಲ್ಲಿ ದಾರಿಯೇ ಇರಲಿಲ್ಲ. ತೆಬು ಕಾಲಿಟ್ಟಲ್ಲಿ ಅದು ಇತ್ತು, ಕಾಲೆತ್ತಿದ ಮೇಲೆ ಇರಲಿಲ್ಲ. ಒಂದು ತೊರೆ ದಾಟಿದರು. ಬೆತ್ತದ ಮುಳ್ಳಿಗೆ ಕೋಟಿನ ತೋಳು ಸಿಕ್ಕಿ ಹರಿಯಿತು. ಆಗ ಅದು ಬಂತು. ಮದುವೆ ಮನೆಯ ಹಂಡೆಯ ಮುಚ್ಚಳ ತೆಗೆದಂತೆ, ಮುಖಕ್ಕೆ ಬಡಿಯುವ ಹಾಗೆ.

"ಬಂತು, ಬಂತು!" ಎಂದು ಸಲ್ಬಿಯಾ ತೆಬುವಿನ ಭುಜ ಹಿಡಿದುಕೊಂಡಳು.

ಎದುರಿಗೆ ಒಂದು ಅತ್ತಿಯ ಮರ. ಬೇರಾವುದೋ ಮರವನ್ನು ತಬ್ಬಿ ಬೆಳೆದು, ಆ ಮರವನ್ನೇ ನುಂಗಿ ನಿಂತಿತ್ತು. ಕೆಳಗೆ ಕಾಲಿಟ್ಟಲ್ಲೆಲ್ಲ ಹಣ್ಣು ಪಚಕ್ಕೆನ್ನುತ್ತಿತ್ತು. ಸಲ್ಬಿಯಾ ಬಗ್ಗಿ ಬೇರುಗಳ ಸಂದಿಯಲ್ಲೆಲ್ಲ ಹುಡುಕಿದಳು. ಕಲ್ಲಿಲ್ಲ, ಬೂದಿಯಿಲ್ಲ, ಮಸಿಯಿಲ್ಲ. ತೆಬು ಅವಳ ಗಲ್ಲಕ್ಕೆ ಬೆರಳು ಕೊಟ್ಟು ಮುಖವನ್ನು ಮೇಲೆತ್ತಿದಳು.

ಮೇಲಿನ ಕೊಂಬೆಯಲ್ಲಿ ಕಂಬಳಿ ಹೊದ್ದ ಮುದುಕನಂತೆ ಏನೋ ಕೂತಿತ್ತು. ನಾಯಿಯಷ್ಟು ದೊಡ್ಡದು. ಕಪ್ಪು ಒರಟು ಕೂದಲು, ಕಿವಿಯಿಂದ ಹೊರಗೆ ಚಾಚಿದ ಕುಚ್ಚು, ಬಿಳಿಯ ಮೀಸೆ. ದಪ್ಪ ಬಾಲವನ್ನು ಕೊಂಬೆಗೆ ಸುತ್ತಿ ಹಿಡಿದುಕೊಂಡು, ಯಾವ ಅವಸರವೂ ಇಲ್ಲದೆ ಒಂದೊಂದೇ ಹಣ್ಣು ಕಿತ್ತು, ತಿರುಗಿಸಿ, ಮೂಸಿ ತಿನ್ನುತ್ತಿತ್ತು. ಸರಿಯಿಲ್ಲದ್ದನ್ನು ಕೆಳಗೆ ಎಸೆಯುತ್ತಿತ್ತು. ಸಂತೆಯಲ್ಲಿ ತಾನು ಬದನೆಕಾಯಿ ಆರಿಸುವುದೂ ಹೀಗೆಯೇ ಎಂದು ಸಲ್ಬಿಯಾಗೆ ಅನ್ನಿಸಿತು.

"ಬಿಂತುರುಂಗ್, ಪುನುಗುಬೆಕ್ಕಿನ ಜಾತಿ," ಎಂದು ರುಸ್ಲಿ ಪಿಸುಗುಟ್ಟಿದ. "ಹಗಲಲ್ಲಿ ಇಷ್ಟು ಹತ್ತಿರ ನಾನೂ ನೋಡಿರಲಿಲ್ಲ."

"ಇದರ ವಾಸನೆನಾ?"

ರುಸ್ಲಿ ತಲೆ ಕೆರೆದುಕೊಂಡ. "ತರಬೇತಿಯಲ್ಲಿ ಹೇಳಿದ್ರು ಮಕ್ ಲಾಂಗ್. ಪರೀಕ್ಷೆಗೆ ಬರೆದೆ, ಮರೆತೆ. ಒಂದು ಅಂಕದ ಪ್ರಶ್ನೆ. ಅದರ ಉಚ್ಚೆ…"

ಮಾತು ಮುಗಿಯುವ ಮೊದಲೇ ಮುದುಕನಂತಿದ್ದ ಆ ಪ್ರಾಣಿ ಎದ್ದು, ಬಾಲ ಎಳೆದುಕೊಂಡು ನಾಲ್ಕು ಹೆಜ್ಜೆ ಸರಿದು, ಸರಿಯಾಗಿ ರುಸ್ಲಿಯ ನೆತ್ತಿಯ ಮೇಲೆ ನಿಂತು, ಕೊಂಬೆಯನ್ನು ಧಾರಾಳವಾಗಿ ತೋಯಿಸಿತು. ಉದ್ಯಾನದ ಹಸಿರು ಟೊಪ್ಪಿಗೆ, ಹೆಸರು ಬರೆದ ಬಿಲ್ಲೆ, ಎಡ ಭುಜ ಎಲ್ಲವೂ ಒದ್ದೆಯಾದವು.

ಸಲ್ಬಿಯಾ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕಣ್ಣಲ್ಲಿ ನೀರು ಬಂತು. ತೆಬು ಕಲ್ಲಿನಂತೆ ಮುಖ ಮಾಡಿಕೊಂಡು ನಿಂತಿದ್ದಳು. ಆದರೆ ಅವಳ ಬೆನ್ನ ಮೇಲಿನ ಬುಟ್ಟಿ ಗಡಗಡ ನಡುಗುತ್ತಿತ್ತು. ತೊರೆಯವರೆಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ನಡೆದರು.

"ಈಗ ನಗಬಹುದಾ?" ಎಂದು ಸಲ್ಬಿಯಾ ಉಸಿರು ಕಟ್ಟಿ ಕೇಳಿದಳು.

"ಅದನ್ನ ನೆನೆದು ನಗಬೇಡ," ಎಂದಳು ತೆಬು. "ಇವನನ್ನ ನೋಡಿ ನಗು. ಮನುಷ್ಯರನ್ನ ನೋಡಿ ನಕ್ಕರೆ ಗುಡುಗು ಬರಲ್ಲ."

ಇಬ್ಬರು ಹೆಂಗಸರೂ ತೊರೆಯ ಕಲ್ಲಿನ ಮೇಲೆ ಕೂತು ಸುಸ್ತಾಗುವಷ್ಟು ನಕ್ಕರು. ರುಸ್ಲಿ ಟೊಪ್ಪಿಗೆ ನೀರಿಗೆ ಅದ್ದುತ್ತ, "ನಗಿ, ನಗಿ, ಟಿಕೆಟ್ ತಗೊಂಡಿದೀರಲ್ಲ" ಎಂದ. ನಗು ನಿಂತ ಮೇಲೆ ಸಲ್ಬಿಯಾ ಅವನನ್ನು ಹತ್ತಿರ ಕರೆದು, ಭುಜಕ್ಕೆ ಮೂಗು ತಂದು, ಅನ್ನದ ಹದ ನೋಡುವವಳಂತೆ ಮೂಸಿದಳು. ಸುಳ್ಳಲ್ಲ. ಪಾಂಡಾನ್ ಎಲೆ ಹಾಕಿದ ಅನ್ನವೇ. ಮೂವತ್ತು ವರ್ಷ ದಿನಾ ಬೆಳಿಗ್ಗೆ ತನ್ನ ಹಂಡೆಯಿಂದ ಎದ್ದ ಹಬೆಯೇ.

"ಅಲ್ಲ ತೆಬು, ಇದು ಅಕ್ಕಿ ಕಂಡಿಲ್ಲ, ಒಲೆ ಕಂಡಿಲ್ಲ. ಇದಕ್ಕೆ ಅನ್ನದ ವಾಸನೆ ಎಲ್ಲಿಂದ ಬಂತು?"

ತೆಬು ಬುಟ್ಟಿ ಇಳಿಸಿ ಎಲೆಯಲ್ಲಿ ಹೊಗೆಸೊಪ್ಪು ಸುತ್ತುತ್ತಿದ್ದಳು. "ಇದಕ್ಕೆ ಅನ್ನದ ವಾಸನೆ ಅಲ್ಲ ಅಕ್ಕ. ನಿಮ್ಮ ಅನ್ನಕ್ಕೆ ಇದರ ವಾಸನೆ. ನಮ್ಮ ಅಜ್ಜಿ ಅನ್ನವನ್ನ ಮೊದಲ ಸಲ ಕಂಡಾಗ ಮೂರು ಮಕ್ಕಳ ತಾಯಿ. ಅಲ್ಲಿವರೆಗೆ ನಮ್ಮದೆಲ್ಲ ಗೆಡ್ಡೆ. ಯಾರೋ ವ್ಯಾಪಾರಿ ಹೊಳೆ ದಡದಲ್ಲಿ ಅಕ್ಕಿ ಬೇಯಿಸ್ತಿದ್ದನಂತೆ. ಅಜ್ಜಿಗೆ ವಾಸನೆ ಬಂತು. ತಕ್ಷಣ ತಲೆ ಎತ್ತಿ ಮರಗಳನ್ನೆಲ್ಲ ನೋಡಿದಳಂತೆ, ಬಿಂತುರುಂಗ್ ಎಲ್ಲಿದೆ ಅಂತ. ಎಷ್ಟು ಹುಡುಕಿದರೂ ಇಲ್ಲ. ಆ ವ್ಯಾಪಾರಿ ಇವಳಿಗೆ ಹುಚ್ಚು ಅಂದುಕೊಂಡ."

ಸಲ್ಬಿಯಾ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಿದಳು. ಅತ್ತಿಮರದ ಕೆಳಗೆ ಬಗ್ಗಿ ಒಲೆ ಹುಡುಕುತ್ತಿದ್ದ ತಾನು, ಒಲೆಯ ಪಕ್ಕ ನಿಂತು ಮರ ನೋಡುತ್ತಿದ್ದ ಆ ಅಜ್ಜಿ. ಇಬ್ಬರ ಮೂಗೂ ಸರಿಯಾಗಿಯೇ ಇತ್ತು. ಅವಳಿಗೆ ಆ ಮುದುಕಿಯನ್ನು ನೋಡಬೇಕೆನ್ನಿಸಿತು, ಕೇಳಿದಳು. ತೀರಿಹೋಗಿ ಬಹಳ ದಿನವಾಯಿತು ಎಂದಳು ತೆಬು. ಕೊನೆಯವರೆಗೂ ಅನ್ನ ತಿನ್ನಲಿಲ್ಲವಂತೆ.

ದಡಕ್ಕೆ ಬಂದಾಗ ಜೊಹಾರಿ ದೋಣಿಯಲ್ಲಿ ಕಾಲು ಚಾಚಿ ಕೂತಿದ್ದ. ರುಸ್ಲಿಯ ಒದ್ದೆ ಭುಜ ನೋಡಿ, ಹೆಂಡತಿಯ ಹರಿದ ತೋಳು ನೋಡಿ, "ಸಿಕ್ಕಿತಾ ಅನ್ನ?" ಎಂದ.

"ಸಿಕ್ಕಿತು. ಬೇಕಿದ್ರೆ ರುಸ್ಲಿ ಅಂಗಿ ಮೂಸಿ ನೋಡಿ."

ತೆಬುವೂ ಉಪ್ಪು ಕೊಳ್ಳಲು ದೋಣಿ ಹತ್ತಿದಳು. ಹೊಳೆ ದಾಟಲು ಎರಡು ನಿಮಿಷ ಸಾಕು. ಅಷ್ಟರಲ್ಲಿ ಸಲ್ಬಿಯಾ ಕೇಳಲು ಶುರು ಮಾಡಿದ್ದಳು. ಹುಲಿಗೆ ಯಾವ ವಾಸನೆ? ಮಳೆಗೆ ಮುಂಚೆ ಕಾಡು ಹೇಗೆ ನಾರುತ್ತದೆ? ಆನೆ ಹೋದ ಮೇಲೆ ಎಷ್ಟು ಹೊತ್ತು ತಿಳಿಯುತ್ತದೆ? ತೆಬು ಮೊದಮೊದಲು ಒಂದೊಂದೇ ಮಾತಿನಲ್ಲಿ ಹೇಳಿದಳು. ಆಮೇಲೆ ಕೈ ತಿರುಗಿಸಿ, ಮೂಗು ಹಿಡಿದು, ಕಣ್ಣರಳಿಸಿ ಹೇಳತೊಡಗಿದಳು. ದೋಣಿ ತೇಲುವ ಹೋಟೆಲಿಗೆ ತಾಗಿ ನಿಂತಿತು. ನಾದಿನಿ ಒಳಗಿನಿಂದ "ಹನ್ನೆರಡು ಜನ ಕೂತಿದಾರೆ ಅತ್ತಿಗೆ!" ಎಂದು ಕೂಗಿದಳು.

"ಇಳಿಯಲ್ವೇನೇ?" ಎಂದ ಜೊಹಾರಿ.

"ಆನೆ ವಿಷಯ ಅರ್ಧಕ್ಕೆ ನಿಂತಿದೆ," ಎಂದಳು ಸಲ್ಬಿಯಾ. "ನಮ್ಮನ್ನ ಕೂರಿಸಿಕೊಂಡೇ ಇನ್ನೊಂದು ಸಲ ಆಚೆಗೆ ಹೋಗಿ ಬನ್ನಿ."

ಅವನು ಹೆಂಡತಿಯನ್ನು ನೋಡಿದ, ತೆಬುವನ್ನು ನೋಡಿದ. ಹಗ್ಗ ಬಿಚ್ಚಿ ಎಂಜಿನ್ ಎಳೆದ.